ಹಿರಿಹಾರೈಕೆಯ ಮೊದಲನೇ ವರ್ಷ

ನಮ್ಮೂರಿನಲ್ಲಿ ಯಾರನ್ನಾದರೂ ಇದು ಎಷ್ಟನೇ ವರ್ಷ ಎಂದು ಕೇಳಿದರೆ ಮೊದಲು ನಿಟ್ಟುಸಿರು ಬಿಡುತ್ತಾರೆ. ಆಮೇಲೆ, "ನಿನ್ನೆ ತನಕ ಎರಡ್ನೇದು, ಇವತ್ತಿಂದು ಯಾರಿಗ್ಗೊತ್ತು" ಎನ್ನುತ್ತಾರೆ. ತಪ್ಪು ಅವರದಲ್ಲ. ಜಪಾನಿನ ಚಕ್ರವರ್ತಿಗಳು ದೂರದ ರಾಜಧಾನಿಯಲ್ಲಿ ಕೂತು ಕಾಲಕ್ಕೆ ಹೆಸರಿಡುತ್ತಾರೆ. ಆಕಾಶದಲ್ಲಿ ಬಾಲದ ಚುಕ್ಕಿ ಕಂಡರೆ ಹಳೆಯ ಹೆಸರು ತೆಗೆದು ಹೊಸದಿಡುತ್ತಾರೆ. ಅರಮನೆಯ ಮೂಲೆಗೆ ಬೆಂಕಿ ಬಿದ್ದರೆ ಇನ್ನೊಂದು. ಯಾರೋ ಕೆಲಸವಿಲ್ಲದವನು ಬಿಳಿ ಆಮೆ ಹಿಡಿದು ಒಪ್ಪಿಸಿದರೆ ಆ ಸಂತೋಷಕ್ಕೆ ಮತ್ತೊಂದು. ಹೆಸರು ಬದಲಾದ ದಿನ ವರ್ಷ ಹಿಂದಕ್ಕೆ ಬಂದು ಒಂದರಲ್ಲಿ ನಿಲ್ಲುತ್ತದೆ. ಗದ್ದೆಯಲ್ಲಿ ಭತ್ತ ಅರ್ಧ ಮಾಗಿರಲಿ, ಮಳೆ ಜಡಿಯುತ್ತಿರಲಿ, ಅವತ್ತೇ ನಮಗೆ ಹೊಸವರ್ಷ. ಅವತ್ತೇ ಅಕ್ಕಿ ಬೇಯಿಸಿ, ಒನಕೆಯಲ್ಲಿ ಕುಟ್ಟಿ, ಹೊಸವರ್ಷದ ಉಂಡೆ ಕಟ್ಟಬೇಕು. ನಾನು ಸೆಕೆಗಾಲದ ನಡುಮಧ್ಯಾಹ್ನ ಆ ಉಂಡೆ ಕಟ್ಟಿದ್ದೇನೆ. ಬೆವರು ಬಿದ್ದ ಹಿಟ್ಟು ಕೈ ಬಿಡುವುದಿಲ್ಲ, ಉಗುಳಲೂ ಆಗುವುದಿಲ್ಲ, ನುಂಗಲೂ ಆಗುವುದಿಲ್ಲ.

ಜನ ಹೇಗೋ ಹೊಂದಿಕೊಂಡಿದ್ದರು. ಮದುವೆಯನ್ನು "ಎರಡನೇ ವರ್ಷಕ್ಕೆ" ಎಂದು ಯಾರೂ ನಿಶ್ಚಯ ಮಾಡುತ್ತಿರಲಿಲ್ಲ, "ಅತ್ತಿಮರ ಎಲೆ ಉದುರಿಸಿದಾಗ" ಎನ್ನುತ್ತಿದ್ದರು. ಪಕ್ಕದ ಮನೆಯ ಮತ್ಸುಮೆಯ ಗಂಡ ತೀರಿಕೊಂಡಾಗ, ಮೂರನೇ ವರ್ಷ ಹುಟ್ಟುವ ತನಕ ಬೂದುಬಣ್ಣದ ಬಟ್ಟೆ ಉಡಬೇಕು ಎಂದು ಮಠದವರು ಹೇಳಿದ್ದರು. ಪಾಪದ ಹೆಂಗಸು, ಆಗ ಹದಿಹರೆಯ ದಾಟಿದ್ದಳಷ್ಟೆ. ಆ ಬಟ್ಟೆ ಹರಿದು, ಅದರ ಬದಲಿಗೆ ಹೊಲಿದದ್ದೂ ಹರಿದು, ಅವಳ ತಲೆಕೂದಲೇ ಬಟ್ಟೆಯ ಬಣ್ಣಕ್ಕೆ ತಿರುಗುತ್ತಾ ಬಂದಿತ್ತು. ಮೂರನೇ ವರ್ಷ ಮಾತ್ರ ಹುಟ್ಟಿರಲಿಲ್ಲ. ಯಾವ ಹೆಸರೂ ಅಷ್ಟು ದಿನ ಬಾಳಿರಲಿಲ್ಲ.

ಇಷ್ಟರ ಮೇಲೆ ನಮ್ಮೂರಿಗೊಂದು ಪದ್ಧತಿ. ಅರಮನೆಯ ಹೆಸರು ತಾನಾಗಿ ಊರೊಳಗೆ ಬರುವುದಿಲ್ಲ. ಸಾರುವವನು ಬಂದು ಚೌಕದಲ್ಲಿ ನಿಂತು ಕೂಗಬೇಕು. ಊರಿನಲ್ಲಿ ಎಲ್ಲರಿಗಿಂತ ವಯಸ್ಸಾದವರು ಅವನ ಎದುರು ನಿಂತು ಅದೇ ಹೆಸರನ್ನು ಮೂರು ಸಲ ತಿರುಗಿ ಹೇಳಬೇಕು. ಆಮೇಲೆ ಮಠದ ಗಂಟೆ ಹೊಡೆಯುತ್ತಾರೆ. ಗಂಟೆ ಹೊಡೆದರೆ ಒಂದನೇ ವರ್ಷ, ಹೊಡೆಯದಿದ್ದರೆ ಇಲ್ಲ. ನನಗಿಂತ ಮೊದಲು ಕಿಯೊ ಅಜ್ಜ ಈ ಕೆಲಸ ಮಾಡುತ್ತಿದ್ದ. ಅವನಿಗೆ ಅದು ಹಬ್ಬ. ಸಾರುವವನು ಬಾಯಿ ಮುಚ್ಚುವ ಮೊದಲೇ ಇವನು ತೆರೆಯುತ್ತಿದ್ದ. ಅಜ್ಜ ತೀರಿಕೊಂಡ ಮೇಲೆ ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ಆಗಲೇ ತಿಳಿದದ್ದು, ನಾನು ಅಷ್ಟು ಮುದುಕಿಯಾಗಿದ್ದೇನೆ ಎಂದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ನಮ್ಮೂರಿನ ಬಾಯಲ್ಲಿ ಹಕಾರವಿಲ್ಲ. ಹಾಲು ನಮಗೆ ಆಲು, ಹೂವು ಊವು. ಮಠದ ಅಮ್ಮನವರು ಚಿಕ್ಕಂದಿನಲ್ಲಿ ನನಗೆ ನಾಲ್ಕಕ್ಷರ ಕಲಿಸಿದ್ದರಿಂದ ಬರೆಯುವಾಗ ಅದು ಬರುತ್ತದೆ, ಬಾಯಿಗೆ ಬರುವುದಿಲ್ಲ. ಹಿಂದಿನ ಸಾರುವವರಿಗೆ ಇದು ಲೆಕ್ಕಕ್ಕಿರಲಿಲ್ಲ. ಆಗ ನಡೆಯುತ್ತಿದ್ದ ಕಾಲದ ಹೆಸರು "ದೃಢನೆಲ", ರಾಜಧಾನಿಯಲ್ಲಿ ಭೂಮಿ ನಡುಗಿದ ಮೇಲೆ ಇಟ್ಟದ್ದು. ಕಿಯೊ ಅಜ್ಜ ಅದನ್ನು "ದುಡನೆಲ" ಎಂದೇ ಮೂರು ಸಲ ಹೇಳಿದ. ಸಾರುವವನು ಮೂಗಿಗೆ ಹತ್ತಿದ ನೊಣ ಓಡಿಸುತ್ತಾ, ಸಾಕು ಸಾಕು, ಗಂಟೆ ಹೊಡೀರಿ ಎಂದು ಹೊರಟುಹೋದ.

ನಮ್ಮ ಯಜಮಾನರು ತಕೆಮಾರೊ ಸಿಕ್ಕಿಬಿದ್ದದ್ದು ಇಂಥದೇ ಒಂದು ಸಾರುವಿಕೆಯಲ್ಲಿ. ನಮ್ಮ ಎತ್ತಿನ ಹೆಸರು ಸಿರಿ. ಕರುವಾಗಿದ್ದಾಗಲೇ ಇಟ್ಟ ಹೆಸರು. ಅರಮನೆಯವರು ಬೇರೆ ಹೆಸರೇ ಸಿಗದವರಂತೆ ಆ ಸಲ "ನಿತ್ಯಸಿರಿ" ಎಂದು ಇಟ್ಟರು. ಸಾರುವವನು ಚೌಕದಲ್ಲಿ ಕಣ್ಣು ಮುಚ್ಚಿ, ಕೈ ಎತ್ತಿ, "ನಿತ್ಯಸಿರಿ!" ಎಂದು ಕೂಗಿದ್ದೇ ತಡ, ಗುಂಪಿನ ಹಿಂದೆ ನಿಂತಿದ್ದ ಇವರು, "ಲೇ ಸಿರೀ, ಇಲ್ಯಾಕೆ ಸಗಣಿ ಆಕ್ತೀಯೋ, ಮಾನಗೆಟ್ಟೋನೆ!" ಎಂದರು. ಎತ್ತಿಗೆ ಅಂದದ್ದು. ನಾನು ಪಕ್ಕದಲ್ಲೇ ಇದ್ದೆ. ತಪ್ಪಾಯಿತು ಅನ್ನಿ ಎಂದು ತಿವಿದೆ. ಅವರು ತಪ್ಪಾಯಿತು ಎನ್ನುವ ಜಾತಿಯೇ ಅಲ್ಲ. "ಎತ್ತಿನ ಎಸ್ರು ಮೊದ್ಲಿಂದು, ಬೇಕಾದ್ರೆ ಚಕ್ರವರ್ತಿಗಳೇ ಬೇರೆ ಇಟ್ಕಳ್ಳಿ" ಎಂದರು.

ಎದುರಿನ ದ್ವೀಪದಲ್ಲಿ ಉಪ್ಪು ಕಾಯಿಸುವ ಶಿಕ್ಷೆಯಾಯಿತು. ಎಲ್ಲಿಯವರೆಗೆ ಎಂದು ಕೇಳಿದ್ದಕ್ಕೆ ಅಧಿಕಾರಿ ಓದಿದ: ಊರಿನಲ್ಲಿ ನಡೆಯುತ್ತಿರುವ ಕಾಲಕ್ಕೆ ಮೂರನೇ ವರ್ಷ ಹುಟ್ಟಿದ ದಿನ ಈತ ಮನೆಗೆ ಬರಬಹುದು, ಆ ಮೂರನೇ ವರ್ಷ ಪೂರ್ತಿ ಕಳೆದರೆ ತಪ್ಪು ಅಳಿಸಿದಂತೆ, ನಡುವೆ ಹೆಸರು ಬದಲಾದರೆ ತಿರುಗಿ ದೋಣಿ ಹತ್ತಬೇಕು. ಕೇಳುವಾಗ ಸಣ್ಣ ಶಿಕ್ಷೆಯಂತೆಯೇ ಕೇಳಿತು. ಅವರು ದೋಣಿ ಹತ್ತಿದಾಗ ನನ್ನ ತಲೆಯಲ್ಲಿ ಬಿಳಿಕೂದಲು ಹುಡುಕಬೇಕಿತ್ತು. ಈಗ ಕರಿಕೂದಲು ಹುಡುಕಬೇಕು.

ದಿನವೂ ದಡಕ್ಕೆ ಹೋಗಿ ದ್ವೀಪದ ಹೊಗೆ ನೋಡುತ್ತಿದ್ದೆ. ಹೊಗೆ ಏಳುತ್ತಿದ್ದರೆ ಇದ್ದಾರೆ ಎಂದು ಅರ್ಥ. ಕಾವಲು ದೋಣಿಯ ಗೊರೊನ ಕೈಲಿ ಹುಳಿಹಣ್ಣಿನ ಉಪ್ಪಿನಕಾಯಿ ಕಳಿಸುತ್ತಿದ್ದೆ. ಅವನ ಬಾಯಲ್ಲಿ ಉತ್ತರ ಬರುತ್ತಿತ್ತು: "ಅಜ್ಜೀ, ಉಪ್ಪು ಕಮ್ಮಿ ಆಯ್ತಂತೆ." ಉಪ್ಪಿನ ರಾಶಿಯ ಮೇಲೆ ಕೂತುಕೊಂಡು ಈ ಮಾತು! ನಾನು ಮುಂದಿನ ಸಲ ಇನ್ನೂ ಕಮ್ಮಿ ಹಾಕುತ್ತಿದ್ದೆ.

ದೃಢನೆಲಕ್ಕೆ ಎರಡನೇ ವರ್ಷ ಹುಟ್ಟಿದಾಗ ಊರಿಗೆ ಊರೇ ಉಸಿರು ಬಿಗಿಹಿಡಿಯಿತು. ಅಪಶಕುನ, ಶುಭಶಕುನ ಎರಡೂ ನಮಗೆ ಶತ್ರುಗಳೇ. ಗೊರೊನ ಹಿತ್ತಿಲಲ್ಲಿ ಬಿಳಿ ಕಾಗೆಮರಿ ಕಂಡಿತು. ಅವನು ಅದನ್ನು ಹಿಡಿದು ಮೈತುಂಬ ಮಸಿ ಬಳಿದು ಹಾರಲು ಬಿಟ್ಟ. ಒಂದು ಬೆಳಿಗ್ಗೆ ಮನೆಯ ಪಾತ್ರೆಗಳೆಲ್ಲ ಗಲಗಲ ಎಂದವು. ಮತ್ಸುಮೆ ಬೇಲಿಯ ಆಚೆಯಿಂದ, "ಗಾಡಿ ಓಯ್ತು ಕಣಕ್ಕಾ" ಎಂದಳು. "ಔದು, ದೊಡ್ಡ ಗಾಡಿ" ಎಂದೆ. ಗೋಡೆ ಬಿರುಕುಬಿಟ್ಟ ಮನೆಯವರೂ ಗಾಡಿ ಎಂದೇ ಹೇಳಿದರು. ಹೀಗೆ ವರ್ಷದ ಕೊನೆಯ ತಿಂಗಳಿನ ಕೊನೆಯ ದಿನಗಳಿಗೆ ಬಂದು ಮುಟ್ಟಿದೆವು. ಅಕ್ಕಿ ನೆನೆಹಾಕಿದ್ದೆ. ಅವರ ಹಳೆಯ ಹೊದಿಕೆ ಬಿಸಿಲಿಗೆ ಹಾಕಿದ್ದೆ. ಆಗ ಬಂದ ಸಾರುವವನು.

ಈ ಸಲದವನು ಹೊಸಬ. ವಯಸ್ಸು ಕಡಿಮೆ, ಗಂಜಿ ಹಾಕಿದ ಅಂಗಿ, ತಲೆಯ ಮೇಲೆ ಕಪ್ಪು ಮೆರುಗಿನ ಟೋಪಿ. ಹೆಸರು ಹಿರೊಹಿಸ. ಗೊರೊ ಅವನ ಕುದುರೆ ಹಿಡಿದುಕೊಂಡು, "ಬನ್ನಿ ಇರೊಇಸ ಸ್ವಾಮಿ" ಎಂದ.

"ಹಿರೊಹಿಸ."

"ಅದೇ ಸ್ವಾಮಿ, ನಾನು ಅಂದಿದ್ದೂ ಅದೇಯ. ಇರೊಇಸ."

ಅವನ ಮುಖ ಆಗಲೇ ಸೊಟ್ಟಗಾಯಿತು. ಚೌಕದಲ್ಲಿ ನಿಂತು ಓಲೆ ಬಿಚ್ಚಿದ. ರಾಜಧಾನಿಗೆ ಸಿಡುಬು ಬಂದಿದೆ, ಮನೆಮನೆಯಲ್ಲೂ ಮಕ್ಕಳು ಮಲಗಿದ್ದಾರೆ, ಅದರ ನಿವಾರಣೆಗಾಗಿ ಪಂಡಿತರು ಕೂತು ಹೊಸ ಹೆಸರು ಆರಿಸಿದ್ದಾರೆ ಎಂದ. ಆಮೇಲೆ ದನಿ ಎತ್ತಿ ಕೂಗಿದ: "ಹಿರಿಹಾರೈಕೆ!"

ಮತ್ಸುಮೆ ತನ್ನ ಬೂದುಬಣ್ಣದ ತೋಳಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಅಳು ಬರಲಿಲ್ಲ. ಬೇಸರ ಬಂತು, ಮೂಳೆಯವರೆಗೂ ಇಳಿಯುವಂಥ ಬೇಸರ. ಇನ್ನು ನಾಲ್ಕು ದಿನ ತಡೆಯಲಾಗಲಿಲ್ಲವೇ ಇವರಿಗೆ? ಆದರೂ ಪದ್ಧತಿ ಪದ್ಧತಿಯೇ. ಎದ್ದು ಅವನ ಎದುರು ನಿಂತೆ. ನನಗೆ ಯಾವ ಹಂಚಿಕೆಯೂ ಇರಲಿಲ್ಲ, ಇದನ್ನು ನಂಬಿ. ನನ್ನ ಬಾಯಿಗೆ ಬಂದಂತೆ ಹೇಳಿದೆ:

"ಇರಿ ಆರೈಕೆ."

ಅವನು ಕಾದ. ನಾನೂ ಕಾದೆ.

"ಎಷ್ಟು ಹೊತ್ತು ಇರಬೇಕು, ಅಜ್ಜಿ?" ಎಂದ ಅವನು.

"ಏನು ಸ್ವಾಮಿ?"

"ಇರಿ ಎಂದಿರಲ್ಲ. ಇದ್ದೇನೆ. ಈಗ ಹೆಸರು ಹೇಳಿ."

"ಏಳಿದ್ನಲ್ಲಾ. ಇರಿ ಆರೈಕೆ."

ಹಿಂದಿನಿಂದ ಗೊರೊ ಕಿಸಕ್ಕನೆ ನಕ್ಕ. ಹಿರೊಹಿಸನ ಕಿವಿ ಕೆಂಪಾಯಿತು. "ಇರಿ ಎಂದರೆ ಚುಚ್ಚುವುದು! ಚಕ್ರವರ್ತಿಗಳು ಜನರನ್ನು ಹರಸುತ್ತಿದ್ದಾರೆ, ನೀವು ಇರಿಯುತ್ತೀರಾ? ಹಿರಿ! ಹೊಟ್ಟೆಯಿಂದ ಉಸಿರು ಬರಲಿ. ಹಿ!"

"ಇ."

"ಹಾ!"

"ಆ."

"ಹಾರೈಕೆ ಬೇರೆ, ಆರೈಕೆ ಬೇರೆ. ಹಾರೈಕೆ ಎಂದರೆ ಒಳ್ಳೆಯದಾಗಲಿ ಎಂದು ಬಯಸುವುದು. ಆರೈಕೆ ಎಂದರೆ ಕಾಯಿಲೆಯವರ ಪಕ್ಕ ಕೂತು ಗಂಜಿ ಕುಡಿಸುವುದು. ಅರಮನೆ ಗಂಜಿ ಕುಡಿಸುತ್ತದೆಯೇ?"

"ಕುಡಿಸಾಕಿಲ್ಲ ಸ್ವಾಮಿ" ಎಂದೆ. ಅದೂ ತಪ್ಪಾಯಿತು.

ಹಿಂದಿನವರಾಗಿದ್ದರೆ ನೊಣ ಓಡಿಸಿಕೊಂಡು ಹೋಗುತ್ತಿದ್ದರು. ಇವನು ಹಾಗಲ್ಲ. ಸರಿಯಾಗಿ ಹೇಳಿದ ಹೊರತು ಗಂಟೆ ಹೊಡೆಯಕೂಡದು ಎಂದು ತಾನೇ ಅಪ್ಪಣೆ ಮಾಡಿದ. ನನ್ನ ಮನೆಯ ಜಗುಲಿಯಲ್ಲೇ ಬೀಡುಬಿಟ್ಟು ಪಾಠಕ್ಕೆ ಕೂತ. ಬೆಳಿಗ್ಗೆ ಹಿ, ಮಧ್ಯಾಹ್ನ ಹಾ, ಸಂಜೆ ಎರಡೂ. ಎದೆಗೆ ಕೈ ಇಟ್ಟು ನಗಿ ಎಂದ, ನಕ್ಕೆ. ನಮ್ಮೂರಿನಲ್ಲಿ ನಗುವುದೂ ಆ ಆ ಆ ಎಂದೇ. ಅವನು ತಲೆ ಚಚ್ಚಿಕೊಂಡ. ಆ ಮೆರುಗಿನ ಟೋಪಿ ಓರೆಯಾಯಿತು. ನನಗೂ ಸಾಕಾಗಿತ್ತು. ಅಕ್ಕಿ ನೆನೆದು ನೆನೆದು ಹುಳಿ ವಾಸನೆ ಬರುತ್ತಿತ್ತು. ಕುಟ್ಟಿಬಿಡಲೇ, ಬೇಡವೇ? ಇವತ್ತು ಹೊಸವರ್ಷವೋ, ನಾಡಿದ್ದೋ? ಹೇಳುವವರು ಯಾರು?

ಬಾವಿಯ ಹತ್ತಿರ ಮತ್ಸುಮೆ ನನ್ನ ಕೊಡಕ್ಕೆ ಕೈಹಾಕಿ ನಿಲ್ಲಿಸಿದಳು. "ಅಕ್ಕಾ, ಬೆಳಕರಿಯೋ ಮುಂಚೆ ಒಬ್ಬಳೇ ಕೂತ್ಕಂಡು ಇ ಇ ಅಂತಿದ್ದಲ್ಲ, ಕೇಳಿಸ್ತು. ಯಾಕ್ ಕಲೀತಿದ್ದೀಯೆ? ತಲೆಗಿಲೆ ಕೆಟ್ಟೈತಾ?"

"ಅವನು ಏಳ್ಕೊಡ್ತಾವ್ನಲ್ಲೇ, ಪಾಪ."

"ಪಾಪ ಅಂತೆ! ನೀನು ಕಲೀದಿದ್ರೆ ಗಂಟೆ ಇಲ್ಲ. ಗಂಟೆ ಇಲ್ದಿದ್ರೆ ನಾಡಿದ್ದು ದುಡನೆಲಕ್ಕೆ ಮೂರ್ನೇ ವರ್ಸ. ನನ್ನ ಬಟ್ಟೆ ನೋಡು. ನಿನ್ ಗಂಡನ್ನ ನೆನೆಸ್ಕೊ. ದಮ್ಮಯ್ಯ, ದಡ್ಡಿಯಾಗೇ ಇರು."

ನನಗೆ ನಾಚಿಕೆಯಾಯಿತು. ಇಷ್ಟು ಸುಲಭದ ಮಾತು ನನಗೆ ಹೊಳೆದಿರಲಿಲ್ಲ. ಯಾರಾದರೂ ಏನಾದರೂ ಹೇಳಿಕೊಟ್ಟರೆ ಕಲಿಯಬೇಕು ಎಂದಷ್ಟೇ ನನಗೆ ಗೊತ್ತಿದ್ದದ್ದು.

ಅವತ್ತಿನಿಂದ ನಿಶ್ಚಿಂತೆಯಾಗಿ ದಡ್ಡಿಯಾದೆ. ಆದರೆ ಹಣೆಬರಹ ನೋಡಿ. ಮಾರನೆಯ ಬೆಳಿಗ್ಗೆ ಒಲೆ ಹೊಗೆಯಾಡುತ್ತಿತ್ತು. ಊದುಗೊಳವೆ ಎಲ್ಲೋ ಬಿದ್ದಿತ್ತು. ಬಗ್ಗಿ ಬಾಯಿಂದಲೇ ಉಸಿರು ಬಿಟ್ಟು, ಬೇಸರಕ್ಕೆ ಅದರ ಜೊತೆಗೇ ಆ ಹಾಳು ಹೆಸರನ್ನೂ ಗೊಣಗಿದೆ. ಬಂದುಬಿಟ್ಟಿತು! ಹಿ. ಇನ್ನೊಮ್ಮೆ ಊದಿದೆ. ಹಾ. ಒಲೆಯೂ ಹೊತ್ತಿಕೊಂಡಿತು. ಜೀವಮಾನವಿಡೀ ಬಾರದ ಅಕ್ಷರ, ಬೇಡವಾದ ದಿನ ಬಂದು ನಾಲಗೆಯ ಮೇಲೆ ಕೂತಿತು. ಕೈಯಿಂದ ಬಾಯಿ ಮುಚ್ಚಿಕೊಂಡೆ.

ಹಿಂದೆ ಸದ್ದಾಯಿತು. ಹಿರೊಹಿಸ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಟೋಪಿ ಇರಲಿಲ್ಲ. ಕಣ್ಣು ನೋಡಿದರೆ ನಿದ್ದೆ ಮಾಡಿದವನಂತೆ ಕಾಣಲಿಲ್ಲ.

"ಕೇಳಿಸಿತು, ಅಜ್ಜಿ" ಎಂದ.

ಅವನು ಬಯ್ಯುತ್ತಾನೆ, ಚೌಕಕ್ಕೆ ಎಳೆದುಕೊಂಡು ಹೋಗುತ್ತಾನೆ ಎಂದುಕೊಂಡೆ. ಅವನು ಬಂದು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ನನ್ನ ಮಗಳಿಗೂ ಬಂದಿದೆ, ಆ ಸಿಡುಬು. ನಾನು ಹೊರಟ ದಿನ ಮೈಮೇಲೆ ಎದ್ದಿತ್ತು. ಹೆಸರು ಎಲ್ಲ ಊರಿಗೂ ಮುಟ್ಟಿದ ಮೇಲೆಯೇ ರೋಗ ಇಳಿಯುತ್ತದೆ ಎಂದರು ಪಂಡಿತರು. ಒಂದು ಊರು ಬಿಟ್ಟುಹೋದರೂ ಇಳಿಯುವುದಿಲ್ಲವಂತೆ. ಅದಕ್ಕೇ ನಾನು... ಒಂದಕ್ಷರವೂ ತಪ್ಪಬಾರದು ಎಂದು..." ಎಂದವನು ಬೂದಿ ಕೆದಕಿದ.

ಅಯ್ಯೋ ದೇವರೇ ಅನ್ನಿಸಿತು. ಅವನ ಮೇಲೆ ಸಿಟ್ಟಾಗಿ ಇದ್ದುಬಿಡುವುದು ಎಷ್ಟು ಸುಲಭವಾಗಿತ್ತು. ಈಗ ಅದೂ ಹೋಯಿತು. ಒಂದು ಕಡೆ ದ್ವೀಪದ ಹೊಗೆ, ಇನ್ನೊಂದು ಕಡೆ ಕಂಡಿರದ ಮಗು.

"ಮಗೀಗೆ ಎಷ್ಟು ವರ್ಸ?" ಎಂದೆ.

"ಯಾವ ಲೆಕ್ಕದಲ್ಲಿ ಹೇಳಲಿ ಅಜ್ಜಿ?" ಎಂದು ಅವನು ಅಳುವಂತೆ ನಕ್ಕ. "ಅವಳು ಹುಟ್ಟಿದ ಮೇಲೆ ಎಷ್ಟೋ ಹೆಸರು ಬದಲಾದವು. ಹಲ್ಲು ಬಿದ್ದು ಹೊಸದು ಬರುತ್ತಿದೆ."

"ಪಕ್ಕದಲ್ಲಿ ಯಾರವ್ರೆ?"

"ಕೆಲಸದವಳು. ಅವಳ ತಾಯಿ ಇಲ್ಲ."

ಆಮೇಲೆ ನನಗೆ ತಡೆಯಲಾಗಲಿಲ್ಲ. "ಅಲ್ಲಾ ಮಗಾ, ಬುದ್ದಿ ಐತಾ ನಿಂಗೆ? ಮಗೀನ್ನ ಕೆಲಸದೋಳ ಕೈಗೆ ಕೊಟ್ಟು, ಇಲ್ಲಿ ಬಂದು ಮುದುಕೀಗೆ ಇ ಆ ಕಲಿಸ್ತಾ ಕೂತಿದ್ದೀಯ! ಅದರ ಅಣೆ ಮೇಲೆ ತಣ್ಣೀರು ಬಟ್ಟೆ ಆಕೋರು ಯಾರು? ಕೆರ್ಕೊಂಡ್ರೆ ಕೈ ಇಡ್ಕಳೋರು ಯಾರು? ನಮ್ಮೂರ್ನಾಗೂ ಬಂದಿತ್ತು ಆ ರೋಗ. ನನ್ನ ತಮ್ಮನ್ನ ನಾನೇ ಇಡ್ಕಂಡು ಕೂತಿದ್ದೆ. ಬದುಕ್ದ. ಆವಾಗ ಕಾಲದ ಎಸ್ರು ಏನಿತ್ತೋ ನನಗೆ ನೆನಪಿಲ್ಲ. ಅವನ ಕೈ ಎಷ್ಟು ಸುಡ್ತಿತ್ತು ಅಂತ ನೆನಪೈತೆ."

ಇಷ್ಟು ಮಾತು ನಾನು ಒಟ್ಟಿಗೆ ಆಡಿದ್ದು ಯಾವಾಗಲೋ. ಅವನು ತಲೆ ತಗ್ಗಿಸಿ ಕೇಳಿದ. ಆಮೇಲೆ ನನ್ನ ಯಜಮಾನರ ವಿಷಯವನ್ನೂ ಹೇಳಿದೆ, ಎತ್ತು, ಸಗಣಿ, ಮೂರನೇ ವರ್ಷ, ಯಾವುದನ್ನೂ ಮುಚ್ಚಲಿಲ್ಲ. "ಚೌಕದಾಗೆ ನಿಲ್ಸಿ ಕೇಳಿದ್ರೆ ಏಳ್ತೀನಿ. ಕಲಿತ್ಬಿಟ್ಟಿದ್ದೀನಲ್ಲ, ಸುಳ್ಳು ಏಳಾಕೆ ಬರಾಕಿಲ್ಲ ನನಗೆ. ನೀನೇ ಯೋಚ್ನೆ ಮಾಡು" ಎಂದೆ.

ಒಲೆಯ ಮೇಲೆ ನೀರು ಕುದಿಯತೊಡಗಿತು. ಅವನು ಒಂದು ಕೊಳ್ಳಿ ಹಿಂದಕ್ಕೆಳೆದ. "ಇಲ್ಲೇ ಒಂದು ಸಲ ಹೇಳುತ್ತೀರಾ?" ಎಂದ ಕೊನೆಗೆ. "ಚೌಕದಲ್ಲಿ ಬೇಡ. ಗಂಟೆಗಲ್ಲ. ಅವಳಿಗೆ."

ಬೆಂಕಿಯ ಕಡೆ ಬಗ್ಗಿ ಉಸಿರು ತುಂಬಿಕೊಂಡು ಹೇಳಿದೆ. ಒಂದಕ್ಷರವೂ ತಪ್ಪಲಿಲ್ಲ. ಅವನು ಹಣೆಯನ್ನು ನೆಲಕ್ಕೆ ಮುಟ್ಟಿಸಿದ. ಅರಮನೆಯವರು ನಮ್ಮಂಥವರಿಗೆ ಹಾಗೆ ಬಗ್ಗುವುದನ್ನು ನಾನು ಕಂಡಿರಲಿಲ್ಲ.

ಬಿಸಿಲು ಏರಿದ ಮೇಲೆ ಚೌಕಕ್ಕೆ ಜನ ಸೇರಿದರು. ಮತ್ಸುಮೆ ನನ್ನ ಮುಖವನ್ನೇ ನೋಡುತ್ತಿದ್ದಳು. ಹಿರೊಹಿಸ ಟೋಪಿ ಸರಿಮಾಡಿಕೊಂಡು, ನನ್ನನ್ನು ಕರೆಯದೆಯೇ ಜೋರಾಗಿ ಹೇಳಿದ: "ಈ ಊರಿನ ಹಿರಿಯರಿಗೆ ನಾಲಗೆ ಇನ್ನೂ ಹೊರಳುತ್ತಿಲ್ಲ. ಪದ್ಧತಿ ಕೆಡಿಸಿ ಹೆಸರು ಕೊಡಲಾಗದು. ಚೆರ್ರಿ ಹೂ ಬಿಡುವ ಹೊತ್ತಿಗೆ ತಿರುಗಿ ಬರುತ್ತೇನೆ. ಅಷ್ಟರಲ್ಲಿ ಕಲಿತಿರಲಿ." ಕುದುರೆ ಹತ್ತುವಾಗ ನಾನು ಒಣಗಿದ ಹುಳಿಹಣ್ಣಿನ ಪೊಟ್ಟಣ ಕೈಗಿಟ್ಟೆ, ಮಗುವಿನ ಗಂಜಿಗೆ. ಅವನು ಕುದುರೆಯನ್ನು ಓಡಿಸಿದ ರೀತಿ ನೋಡಿ ಗೊರೊ, "ಇರೊಇಸಪ್ಪನಿಗೆ ಏನವಸರನೋ!" ಎಂದ.

ಆಮೇಲೆ ಬಂತು ಮೂರನೇ ವರ್ಷ. ವರ್ಷ ಹುಟ್ಟಿದ್ದಕ್ಕೆ ಮಠದ ಗಂಟೆ ಹೊಡೆದಾಗ ಜನರಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಕೆಲವರು ಅತ್ತರು. ಮತ್ಸುಮೆ ಬೂದುಬಟ್ಟೆ ಕಳಚಿ ಪೆಟ್ಟಿಗೆಯ ತಳದಿಂದ ಹಳದಿ ಉಡುಪೊಂದನ್ನು ತೆಗೆದು ಸುತ್ತಿಕೊಂಡು ಬಂದು, "ಅಕ್ಕಾ, ಈ ವಯಸ್ಸಿಗೆ ಮದುಮಗಳ ಥರ ಕಾಣ್ತೀನಾ, ಗೂಬೆ ಥರ ಕಾಣ್ತೀನಾ?" ಎಂದಳು. "ಕೋಳಿ ಥರ ಕಾಣ್ತೀಯ, ಬಾ" ಎಂದೆ. ಇಬ್ಬರೂ ದಡಕ್ಕೆ ಓಡಿದೆವು, ನಮ್ಮ ಮೊಣಕಾಲು ಬಿಟ್ಟಷ್ಟು.

ಗೊರೊನ ದೋಣಿ ಬಂತು. ಅದರ ನಡುವೆ ಒಬ್ಬ ಮುದುಕ ಕೂತಿದ್ದ, ಗಡ್ಡ ಉಪ್ಪಿನ ಬಣ್ಣದ್ದು, ಬೆನ್ನು ಬಾಗಿತ್ತು. ನೀರಿಗಿಳಿದು ನಡೆದು ಬಂದು ನನ್ನ ಮುಂದೆ ನಿಂತ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವರು ಗಂಟಲು ಸರಿಮಾಡಿಕೊಂಡರು.

"ಹೇಗಿದ್ದೀಯ, ಹೆಂಡತಿ? ಬಹಳ ಹಸಿವಾಗಿದೆ."

ದಡದಲ್ಲಿ ಇದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕು ಹಕಾರ, ಗಂಟೆ ಹೊಡೆದ ಹಾಗೆ, ಒಂದೂ ತಪ್ಪದೆ.

"ಇದೇನ್ರೀ ಇದು?" ಎಂದೆ.

ಅವರು ಎದೆ ಉಬ್ಬಿಸಿದರು. "ರಾಜಧಾನಿಯಿಂದ ಹೊರಹಾಕಿದ ದೊಡ್ಡವರೇ ತುಂಬಿದ್ದಾರೆ ಆ ದ್ವೀಪದಲ್ಲಿ. ಕವಿಗಳು, ಮಂತ್ರಿಗಳು. ಅವರ ಜೊತೆ ಹಗಲೂ ರಾತ್ರಿಯೂ ಮಾತಾಡಿ ಮಾತಾಡಿ ನನಗೂ ಬಂದುಹೋಯಿತು. ಹೊಸ ಹೆಸರು ಬಂದಿದೆಯಂತೆ, ನಿನಗೆ ಹೇಳಲು ಬರಲಿಲ್ಲವಂತೆ? ಹಹ್ಹಹ್ಹ! ನನ್ನನ್ನು ಕೇಳಬಾರದಿತ್ತೇ? ಹಿ..."

ಮತ್ಸುಮೆ ನನ್ನ ತೋಳು ಹಿಡಿದುಕೊಂಡಳು. "ಅಕ್ಕಾ," ಎಂದಳು ಮೆಲ್ಲಗೆ, "ಬಾವ ನಿನಗಿಂತ ದೊಡ್ಡೋರಲ್ವಾ?"

ದೊಡ್ಡವರೇ. ಊರಿಗೆ ಕಾಲಿಟ್ಟ ಗಳಿಗೆಯಿಂದ ಊರಿನ ಹಿರಿಯರು ಅವರೇ. ಹೂ ಬಿಡುವ ಹೊತ್ತಿಗೆ ಸಾರುವವನು ಬರುತ್ತಾನೆ. ಆಗ ಈ ಮನುಷ್ಯ ಕರೆಯುವ ಮೊದಲೇ ಚೌಕಕ್ಕೆ ಹೋಗಿ, ಎದೆ ಉಬ್ಬಿಸಿ ಮೂರು ಸಲ ಹೇಳಿ, ಗಂಟೆ ಹೊಡೆಸಿ, ತನ್ನ ಬಾಯಿಂದ ತಾನೇ ತಿರುಗಿ ದೋಣಿ ಹತ್ತುತ್ತಾನೆ. ಬೇಡ ಎಂದು ತಿವಿದರೆ ಕೇಳುವ ಜಾತಿಯೂ ಅಲ್ಲ.

ಮಡಿಲಲ್ಲಿದ್ದ ಹೊಸವರ್ಷದ ಉಂಡೆ ತೆಗೆದು ಅವರ ತೆರೆದ ಬಾಯಿಗೆ ತುರುಕಿದೆ. ಅಂಟು ಉಂಡೆ, ಬೇಗ ನುಂಗಲಾಗದು. ಅವರು ಕಣ್ಣು ಅರಳಿಸಿಕೊಂಡು ಅಗಿದರು, ಅಗಿದರು. ಕೊನೆಗೆ ಕಷ್ಟಪಟ್ಟು ಇಳಿಸಿ, "ಹುಳಿಯಾಗಿದೆ" ಎಂದರು.

"ಉಳಿಯಾಗೈತೆ ಅನ್ನಿ."

"ಹುಳಿ..."

"ಉಳಿ. ಬಾಯಿ ಅಗಲ ಮಾಡ್ಬೇಡಿ, ಉಸಿರು ಬಿಡ್ಬೇಡಿ. ಉಳಿ."

"ಹು..."

ಗಡ್ಡಕ್ಕಂಟಿದ ಹಿಟ್ಟು ಒರೆಸಿ, ಕೈ ಹಿಡಿದುಕೊಂಡು ಮನೆಯ ಕಡೆ ನಡೆಸಿದೆ. ದಾರಿಯುದ್ದಕ್ಕೂ ಹೇಳಿಸುತ್ತಲೇ ಇದ್ದೆ.